ಜವರಮ್ಮನ ಮಾತ್ರೆ, ಮರಿದೇವನ ಉಳಿತಾಯ

ಹತ್ತಿರ ಬಂದು ಕೂತ್ಕೊಳ್ಳಿ. ಮರಿದೇವನ ಕತೆ ದೂರದಿಂದ ಕೇಳಿದರೆ ಸುಳ್ಳು ಅನ್ನಿಸುತ್ತೆ.

ಅಕ್ಕಿ ಗಿರಣಿಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದ ಜವರಮ್ಮನಿಗೆ ಇವನೊಬ್ಬನೇ ಮಗ. ಆಳು ಬಾಗಿಲೆತ್ತರ, ಬುದ್ಧಿ ಹೊಸಿಲಿನಷ್ಟು. ಹೇಳಿದ್ದನ್ನು ಮಾತ್ರ ತಪ್ಪದೆ ಮಾಡುತ್ತಿದ್ದ. ಕಷ್ಟವೆಲ್ಲ ಅದರಿಂದಲೇ.

ಜವರಮ್ಮನಿಗೆ ಎದೆನೋವು ಬಂತು. ಡಾಕ್ಟರಮ್ಮ ಮಾತ್ರೆ ಬರೆದರು. ಒಂದು ದಿನ ಬಿಟ್ಟರೂ ಜೀವಕ್ಕೆ ಅಪಾಯ ಅಂದರು. ಹತ್ತು ಮಾತ್ರೆಗೆ ನಾನೂರು ರೂಪಾಯಿ! ಜವರಮ್ಮ ಮಗನ ಕೈಗೆ ದುಡ್ಡಿಟ್ಟು, "ಅಷ್ಟೊಂದು ಕೇಳಿದ್ರೆ ಅರ್ಧ ತಗೊಂಬಾ ಸಾಕು" ಅಂದಳು.

ಮರಿದೇವ ಹೋದ. ನಾನೂರೂ ಕೊಟ್ಟ. ಅಂಗಡಿ ಮೆಟ್ಟಿಲ ಮೇಲೆ ಕೂತು ಮಾತ್ರೆ ಬಿಡಿಸಿ, ಒಂದೊಂದನ್ನೂ ಎರಡೆರಡು ಹೋಳು ಮಾಡಿದ. ಹತ್ತು ಹೋಳು ಜೇಬಿಗೆ, ಹತ್ತು ಹೋಳು ಮೋರಿಗೆ.

"ಅರ್ಧ ತಂದಿವ್ನಿ ಕಣವ್ವ."

"ಅಯ್ಯೋ ನನ್ನ ಹಣೆಬರಹವೇ. ಮಾತ್ರೆ ಹೊದಿಕೆ ಬಿಚ್ಚಬಾರ್ದು ಕಣೋ. ಅಂಗಡೀಲಿ ಹೆಂಗಿತ್ತೋ ಹಂಗೇ ಇರ್ಬೇಕು."

"ಹಂಗೇ ಆಗ್ಲವ್ವ."

ಮುಂದಿನ ಸಲ ಹಂಗೇ ತಂದ. ಒಂದು ಮಧ್ಯಾಹ್ನ ಜವರಮ್ಮನಿಗೆ ಎದೆ ಹಿಡಿದುಕೊಂಡಿತು. "ಮಗಾ, ಇವತ್ತಿನ ಮಾತ್ರೆ ನುಂಗಿಲ್ಲ, ಕೊಡೋ" ಅಂದಳು. ಇವನು ಹತ್ತು ಮಾತ್ರೆಯ ಪಟ್ಟಿಯನ್ನೇ ತಂದು ಬಾಯಿಗಿಟ್ಟ. ಅವಳು ಹರಿಯಲು ಹೋದರೆ ಕಿತ್ತುಕೊಂಡ.

"ಬಿಚ್ಚಬಾರ್ದು ಅಂದಿದ್ದೆಯಲ್ಲ. ಹಂಗೇ ನುಂಗವ್ವ, ನೀರು ಕೊಡ್ತೀನಿ."

ಪಕ್ಕದ ಮನೆ ಚಿಕ್ಕತಾಯಮ್ಮ ಓಡಿಬಂದು ಪಟ್ಟಿ ಹರಿದು ಮಾತ್ರೆ ನುಂಗಿಸಿದಳು. ಹೋದ ಜೀವ ಬಂತು. ಉಸಿರು ತಿರುಗಿದ ಮೇಲೆ ಜವರಮ್ಮ ಬೈದಳು: "ಮೇಲಿನ ಹೊದಿಕೆ ಏನ್ ನೋಡ್ತೀಯೋ ಪೆದ್ದ? ಒಳಗಿರೋದು ನೋಡು."

"ಹಂಗೇ ಆಗ್ಲವ್ವ."

ಸೀದಾ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದ: "ಈ ಮಾತ್ರೆ ಒಳಗಡೆ ಏನೈತೆ?"

ಡಾಕ್ಟರಮ್ಮನಿಗೆ ಸಂತೋಷವಾಯಿತು. "ಒಳ್ಳೇದು ಕೇಳಿದೆ. ಔಷಧಿ ಹೆಸರು ಬರ್ಕೊಡ್ತೀನಿ, ಜನರಿಕ್ ಅಂಗಡೀಲಿ ತಗೋ. ಕಂಪನಿ ಬೇರೆ, ಒಳಗಿರೋದು ಅದೇ, ಬೆಲೆ ಕಮ್ಮಿ."

ಅರವತ್ತೇ ರೂಪಾಯಿ! ಜವರಮ್ಮ ಕಣ್ಣೊರೆಸಿಕೊಂಡಳು. ಹೆತ್ತಿದ್ದಕ್ಕೂ ಸಾರ್ಥಕ ಅನ್ನಿಸಿತು ಅವಳಿಗೆ. "ಗೆದ್ದೆ ಕಣೋ ಮಗನೇ. ಇನ್ಮೇಲೆ ಎಲ್ಲಾದಕ್ಕೂ ಹಿಂಗೇ ಮಾಡು."

ಅಲ್ಲೇ ಕೆಟ್ಟಿದ್ದು ನೋಡಿ.

ತಿಂಗಳು ಕಳೆದು ಜವರಮ್ಮನನ್ನು ಪರೀಕ್ಷೆಗೆಂದು ಎರಡು ದಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ಸಿಕ್ಕಿದ್ದು ಸ್ಪೆಷಲ್ ವಾರ್ಡು. ಮೂರನೇ ದಿನ ಮರಿದೇವ ಕರೆತರಲು ಹೋದ. ಬಿಲ್ಲು ಒಂಬತ್ತು ಸಾವಿರ. ಇವನು ಗಾಬರಿಯಾಗಲಿಲ್ಲ. ಜನರಲ್ ವಾರ್ಡಿಗೆ ನಡೆದ. ಹೊರಡಲು ಸಿದ್ಧವಾಗಿ ಒಬ್ಬ ಮುದುಕಿ ಕೂತಿದ್ದಳು. ವಿಚಾರಿಸಿದ. ಅಷ್ಟೇ ವಯಸ್ಸು, ಅದೇ ಕಾಯಿಲೆ, ಅದೇ ಮಾತ್ರೆ. ಬಿಲ್ಲು ಮಾತ್ರ ಒಂಬೈನೂರು. ಕಟ್ಟಿದ. ತನ್ನ ಮಗನೇ ಇವನನ್ನು ಕಳಿಸಿರಬೇಕು ಅಂದುಕೊಂಡು ಅವಳೂ ಆಟೋ ಹತ್ತಿದಳು.

ಬಾಗಿಲಲ್ಲಿ ಚಿಕ್ಕತಾಯಮ್ಮ ದಂಗಾದಳು. "ಇದ್ಯಾರೋ? ನಿಮ್ಮವ್ವ ಎಲ್ಲೋ?"

"ಅದಕ್ಕೆ ಒಂಬತ್ತು ಸಾವಿರ ಹೇಳಿದ್ರು, ಬಿಟ್ಬಂದೆ."

ವಿಷಯ ತಿಳಿದ ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಯ್ಯೋ ನನ್ನ ಹಣೆಬರಹವೇ. ಹೆತ್ತ ತಾಯೀನ ಬಿಟ್ಬಂದ್ಯೇನೋ ಪೆದ್ದ? ಬುದ್ಧಿ ಐತೇನೋ ನಿಂಗೆ?"

ಮರಿದೇವ ಹಿಗ್ಗಿಹೋದ. ಚಿಕ್ಕತಾಯಮ್ಮನ ಕಡೆ ತಿರುಗಿ ಹೇಳಿದ:

"ಕೇಳುದ್ರಾ? ಒಳಗಿರೋದು ಅದೇ. ಕಂಪನಿ ಬೇರೆ ಅಷ್ಟೆ."