ಎಪ್ಪತ್ತೊಂದು ಬುಗುರಿಗಳ ಮಾರಾಟ

ಹೊಳೆಯ ಈಚೆ ದಡದಲ್ಲಿ ಮುದ್ದಯ್ಯನವರ ಆಶ್ರಮ. ಆಶ್ರಮ ಅಂದರೆ ಏನು ಮಹಾ, ಎರಡು ಗುಡಿಸಲು, ಒಂದು ಹೊಂಗೆಮರ, ಮರದ ಕೆಳಗೊಂದು ಕಲ್ಲುಚಪ್ಪಡಿ. ಆದರೆ ಆ ಚಪ್ಪಡಿಯ ಮೇಲೆ ಮುದ್ದಯ್ಯನವರು ಕೂತರೆ ಏಳು ಹಳ್ಳಿಯ ಬಾಯಾಳಿಗಳು ತುಟಿ ಹೊಲಿದುಕೊಂಡು ಕೆಳಗೆ ಕೂರುತ್ತಿದ್ದರು. ಅಂಥ ಗುರು ಬೇರೆ ಯಾವ ಸೀಮೆಯಲ್ಲಾದರೂ ಇದ್ದರೆ ಕರೆತನ್ನಿ, ನೋಡಿಯೇಬಿಡೋಣ.

ಅವರ ಶಿಷ್ಯ ಗವಿರಂಗ. ಇಪ್ಪತ್ತನಾಲ್ಕರ ಹರೆಯ. ಆಶ್ರಮ ಸೇರಿ ಮೂರು ವರ್ಷ. ನೀರು ಹೊತ್ತ, ಸೌದೆ ಸೀಳಿದ, ದನ ಕಾದ. ದೀಕ್ಷೆ ಮಾತ್ರ ಆಗಿರಲಿಲ್ಲ.

ಬಂದ ದಿನ ಅವನ ತಲೆಯ ಮೇಲೊಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಬುಗುರಿ. ಹಾಲೆಮರದ್ದು, ಜಾಲಿಯದ್ದು, ಹಲಸಿನದ್ದು, ಒಂದು ಎಮ್ಮೆಕೊಂಬಿನದ್ದು. ಒಟ್ಟು ಎಪ್ಪತ್ತೊಂದು. ಒಂದನ್ನೂ ಅವನು ಕಾಸು ಕೊಟ್ಟು ಕೊಂಡಿರಲಿಲ್ಲ.

ಆ ಕಡೆ ಬುಗುರಿಯಾಟದ ಕಟ್ಟಳೆ ಹೀಗೆ. ಇಬ್ಬರೂ ಒಟ್ಟಿಗೆ ಬುಗುರಿ ಬಿಡಬೇಕು. ಯಾರ ಬುಗುರಿ ಮೊದಲು ಮಲಗುತ್ತದೋ ಅವನು ಸೋತ. ಗೆದ್ದವನು ಸೋತ ಬುಗುರಿಯ ನೆತ್ತಿಗೆ ತನ್ನ ಮೊಳೆಯಿಂದ ಒಂದು ಗುನ್ನ ಹೊಡೆದು ಅದನ್ನು ಎತ್ತಿಕೊಳ್ಳಬೇಕು. ಗುನ್ನ ಬಿತ್ತು ಅಂದರೆ ಮುಗಿಯಿತು, ಅತ್ತರೂ ವಾಪಸಿಲ್ಲ, ಅಪ್ಪನನ್ನು ಕರೆತಂದರೂ ವಾಪಸಿಲ್ಲ.

ಆರನೇ ವಯಸ್ಸಿನಿಂದ ಗವಿರಂಗ ಸೋತವನಲ್ಲ.

ಒಂದು ದಿನ ಪಟ್ಟಣದಿಂದ ಪದ್ಮರಾಜಯ್ಯ ಅನ್ನುವವರು ಬಂದರು. ಹಳೆಯ ಆಟದ ಸಾಮಾನು ಕೂಡಿಡುವ ಹುಚ್ಚು ಅವರಿಗೆ. ಟ್ರಂಕಿನ ಮುಂದೆ ಮಂಡಿಯೂರಿ ಕೂತು, ಒಂದೊಂದೇ ಬುಗುರಿ ಎತ್ತಿ, ಕೂಸಿನ ಹಾಗೆ ತಿರುಗಿಸಿ ನೋಡಿದರು.

"ಅಷ್ಟನ್ನೂ ಒಟ್ಟಿಗೆ ಕೊಟ್ಟುಬಿಡಪ್ಪ. ಗಾಜಿನ ಬೀರುವಿನಲ್ಲಿಟ್ಟು ಕೆಳಗೆ ನಿನ್ನ ಹೆಸರು ಬರೆಸ್ತೀನಿ."

ಹೆಸರು ಅಂದ ಕೂಡಲೇ ಗವಿರಂಗನ ಎದೆ ಒಂದು ಗೇಣು ಮುಂದೆ ಬಂತು. ಆದರೂ ಕೇಳದೆ ಕೊಡುವುದು ಹೇಗೆ? ಗುರುಗಳ ಹತ್ತಿರ ಓಡಿದ.

"ಬುದ್ಧೀ, ಟ್ರಂಕನ್ನ ಮಾರ್ಲೋ, ಇಟ್ಕೊಳ್ಳೋ?"

"ಇಟ್ಕೊಂಡು ಏನ್ ಮಾಡ್ತೀಯ?"

"ಆಗಾಗ ತೆಗೆದು ನೋಡ್ತೀನಿ ಬುದ್ಧಿ."

"ಬುಗುರೀನೋ, ನಿನ್ನನ್ನೋ?"

ಗವಿರಂಗ ತಲೆ ಕೆರೆದುಕೊಂಡ. "ಹಂಗಾದ್ರೆ ಮಾರಿಬಿಡ್ತೀನಿ. ಟ್ರಂಕು ಖಾಲಿಯಾದ ಮೇಲಾದ್ರೂ ದೀಕ್ಷೆ ಕೊಡ್ತೀರಾ?"

"ಖಾಲಿಯಾದ ಮಾರನೇ ಬೆಳಿಗ್ಗೆ ಕಿವಿ ತೊಳ್ಕೊಂಡು ಬಾ. ಮಂತ್ರ ಹೇಳ್ತೀನಿ."

ಗವಿರಂಗ ಕುಣಿಯುತ್ತ ಹೊರಟ. ಗುರುಗಳು ಹಿಂದಿನಿಂದ ಕೂಗಿದರು.

"ರಂಗಾ, ಕೊಂಡ ಬೆಲೆಗೇ ಮಾರಬೇಕು. ಲಾಭ ಇಟ್ಕೋಬೇಡ."

"ಕೊಂಡಿದ್ದೆಲ್ಲಿ ಬುದ್ಧಿ? ಎಲ್ಲಾ ಗೆದ್ದಿದ್ದು!"

"ಹಂಗಾದ್ರೆ ಅದೇ ಬೆಲೆ."

ಗವಿರಂಗ ಎರಡು ಹೆಜ್ಜೆ ಇಟ್ಟ, ನಿಂತ. ಗೆದ್ದು ತಂದದ್ದನ್ನು ಗೆದ್ದವರಿಗೇ ಕೊಡಬೇಕು. ಅಂದರೆ ತಾನು ಸೋಲಬೇಕು. ಅದೂ ಎಪ್ಪತ್ತೊಂದು ಸಲ.

ಒಲೆಯ ಮುಂದೆ ಕೂತಿದ್ದ ಸಾಕಮ್ಮನಿಗೆ ನಗು ತಡೆಯಲಾಗಲಿಲ್ಲ. ಆಶ್ರಮದ ಅಡುಗೆಯ ಜತೆಗೆ ಎಲ್ಲರ ಕಾಲೆಳೆಯುವುದೂ ಆಕೆಯದೇ ಕೆಲಸ.

"ಏನ್ಲಾ ಶೂರ, ಸೋಲೋದು ಏನು ಮಹಾ ಕಷ್ಟ? ನಾನು ದಿನಾ ಈ ಹಸಿ ಸೌದೆ ಹತ್ರ ಸೋಲ್ತೀನಿ, ನೋಡ್ಕೊಂಡು ಕಲಿ."

ಸುದ್ದಿ ಹೊಳೆ ದಾಟಿತು. ಗವಿರಂಗನ ಕೈಲಿ ಚಿಕ್ಕಂದಿನಲ್ಲಿ ಬುಗುರಿ ಕಳೆದುಕೊಂಡವರೆಲ್ಲ ಈಗ ಮೀಸೆ ಬಂದ ಗಂಡಸರು. ಅಟ್ಟ ಹತ್ತಿ, ಮೂಲೆ ತಡಕಿ, ಕೈಗೆ ಸಿಕ್ಕ ಬುಗುರಿ ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ಬಂದವನು ಹರಿಗೋಲು ಹಾಕುವ ಜವರ. ಟ್ರಂಕಿನಲ್ಲಿ ಅವನವೇ ಒಂಬತ್ತು ಇದ್ದವು.

ಗವಿರಂಗ ಪ್ರಾಮಾಣಿಕವಾಗಿಯೇ ಆಡಿದ. ಪ್ರಾಮಾಣಿಕವಾಗಿ ಗೆದ್ದ. ಜವರನ ಒಂಬತ್ತು ಹತ್ತಾಯಿತು.

ಮಾರನೇ ದಿನ ಇನ್ನಿಬ್ಬರು ಬಂದರು, ಸೋತು ಹೋದರು. ಅದರ ಮಾರನೇ ದಿನ ಐದು ಜನ. ವಾರ ಮುಗಿಯುವ ಹೊತ್ತಿಗೆ ಟ್ರಂಕಿನಲ್ಲಿ ಎಂಬತ್ತನಾಲ್ಕು ಬುಗುರಿ. ಮುಚ್ಚಳ ಮುಚ್ಚುತ್ತಿರಲಿಲ್ಲ.

"ಚೆನ್ನಾಗಿ ಮಾರ್ತಿದ್ದೀಯ ಕಣ್ಲಾ," ಎಂದಳು ಸಾಕಮ್ಮ. "ಇನ್ನೊಂದು ಟ್ರಂಕು ತರಿಸ್ಲಾ?"

ಗವಿರಂಗ ಒಂದು ಉಪಾಯ ಹೂಡಿದ. ಮುಂದಿನ ಆಟ ಜವರನ ಜತೆ. ಚಾಟಿಯನ್ನು ಬೇಕೆಂದೇ ಸಡಿಲವಾಗಿ ಸುತ್ತಿದ, ಕೈ ಮೆತ್ತಗೆ ಬಿಟ್ಟ. ಬುಗುರಿ ನಾಲ್ಕು ಸುತ್ತು ತಿರುಗಿ, ಕುಡುಕನ ಹಾಗೆ ತೂರಾಡಿ, ಮಲಗಿತು.

"ಸೋತೆ ಕಣೋ ಜವರ! ಹೊಡಿ ಗುನ್ನ, ಎತ್ಕೋ!"

ಜವರ ಗುನ್ನ ಹೊಡೆಯಲಿಲ್ಲ. ಅವನ ಮುಖ ಹುಣಸೇಹಣ್ಣಾಯಿತು.

"ಲೇ ರಂಗ, ನನಗೆ ಭಿಕ್ಷೆ ಹಾಕ್ತೀಯಾ? ಹದಿನೆಂಟು ವರ್ಷ ನಿನ್ ಕೈಲಿ ಸೋತಿದ್ದೀನಿ. ಒಂದ್ ದಿನಾನೂ ಇಷ್ಟು ಅವಮಾನ ಆಗಿರ್ಲಿಲ್ಲ."

ಬುಗುರಿಯನ್ನು ಕಾಲಲ್ಲಿ ಒದ್ದು ಹೊರಟುಹೋದ. ಅವನ ಹಿಂದೆಯೇ ಉಳಿದವರೂ.

ಆಮೇಲೆ ಆಟಕ್ಕೆ ಯಾರೂ ಬರಲಿಲ್ಲ. ಗವಿರಂಗ ಗುರುಗಳ ಮುಂದೆ ಹೋಗಿ ದೊಪ್ಪನೆ ಕೂತ.

"ಆಗಲ್ಲ ಬುದ್ಧಿ. ನನ್ನ ಕೈಗೆ ಸೋಲೋದು ಬರಲ್ಲ. ಹೊಗಳ್ಕೊಳ್ತಿಲ್ಲ, ಇರೋದ್ ಹೇಳ್ತಿದ್ದೀನಿ."

"ಅವರ ಕೈಗೆ ಗೆಲ್ಲೋದು ಬರುತ್ತಾ?"

"ಎಲ್ಲಿ ಬರುತ್ತೆ? ಒಬ್ಬನಿಗಾದ್ರೂ ಬುಗುರಿ ಬಿಡೋ ಮರ್ಮ ಗೊತ್ತಾ?"

"ನಿನಗೆ ಗೊತ್ತಾ?"

"ನನಗೆ ಗೊತ್ತಿಲ್ದೆ? ಅದು ನನ್ನ ಹೊಟ್ಟೆಯೊಳಗಿನ ಗುಟ್ಟು. ಹೆತ್ತವ್ವನಿಗೂ ಹೇಳಿಲ್ಲ."

ಗುರುಗಳು ಎದ್ದು, ಪಂಚೆಯ ದೂಳು ಕೊಡವಿದರು.

"ಟ್ರಂಕಿನಲ್ಲಿರೋದು ಆಮೇಲೆ ಮಾರೀಯಂತೆ ಮಗಾ. ಮೊದಲು ಹೊಟ್ಟೆಯಲ್ಲಿರೋದಕ್ಕೆ ಗಿರಾಕಿ ಹುಡುಕು."

ಗವಿರಂಗ ಅವತ್ತು ಉಣ್ಣಲಿಲ್ಲ. ಸಾಕಮ್ಮನ ಹುರುಳಿ ಸಾರು ಬಿಟ್ಟು ಎದ್ದವನು ಅಂದರೆ ಅವನಿಗೆ ಎಂಥ ಸಂಕಟ ಆಗಿರಬೇಕು, ಲೆಕ್ಕ ಹಾಕಿ. ಬುಗುರಿ ಹೋದರೆ ಹೋಗಲಿ. ಗುಟ್ಟೂ ಹೋದರೆ ಗವಿರಂಗ ಅನ್ನುವವನಲ್ಲಿ ಉಳಿಯುವುದೇನು? ನೀರು ಹೊರುವ ಎರಡು ಹೆಗಲು, ಅಷ್ಟೇ.

ಹೊಳೆಯ ಅಂಚಿನಲ್ಲಿ ಕೂತು ಯೋಚಿಸಿದ. ಗಿರಾಕಿಗಳನ್ನು ಹತ್ತಿಸಿಕೊಂಡು ಜವರನ ಹರಿಗೋಲು ಆಚೆ ದಡಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಜವರ ಇವನ ಕಡೆ ಕತ್ತೆತ್ತಿಯೂ ನೋಡಲಿಲ್ಲ. ನಾಲ್ಕನೇ ಸಲ ದಡಕ್ಕೆ ಬಂದಾಗ ಗವಿರಂಗ ಎದ್ದು ಹೋಗಿ ಹರಿಗೋಲಿನ ಅಂಚು ಹಿಡಿದ.

"ಜವರಣ್ಣ, ನಿನ್ ಬುಗುರಿ ಮೊಳೆ ತೋರ್ಸು."

ಹುಟ್ಟಿದಾಗಿನಿಂದ ಅವನು ಜವರನನ್ನು ಅಣ್ಣ ಅಂದಿರಲಿಲ್ಲ. ಆ ಗಾಬರಿಗೇ ಜವರ ಬುಗುರಿ ತೆಗೆದು ಕೊಟ್ಟ. ಮೊಳೆ ಸೂಜಿಯ ಹಾಗೆ ಚೂಪಾಗಿತ್ತು.

"ಇಷ್ಟು ಚೂಪು ಯಾಕ್ ಮಾಡಿದ್ದೀಯ?"

"ಗುನ್ನ ಚೆನ್ನಾಗಿ ಬೀಳ್ಲಿ ಅಂತ. ಎಲ್ರೂ ಮಾಡೋದೇ ಹಂಗೆ."

"ಗೆದ್ರೆ ತಾನೇ ಗುನ್ನ? ಚೂಪು ಮೊಳೆ ನೆಲ ಕೊರೆಯುತ್ತೆ. ಕೊರೆದ್ರೆ ಸಿಕ್ಕಿಕೊಳ್ಳುತ್ತೆ, ಬೇಗ ಸಾಯುತ್ತೆ. ನಾನು ಹೊಳೆಕಲ್ಲಿನ ಮೇಲೆ ತೀಡಿ ಬೋಳು ಮಾಡ್ತೀನಿ, ಕಡಲೆಕಾಳಿನ ತಲೆ ಹಂಗೆ. ಆಗ ನೆಲದ ಮೇಲೆ ಜಾರ್ಕೊಂಡು ನಿಲ್ಲುತ್ತೆ."

"ನಿನ್ನ ಮೊಳೆ ಆಡಿ ಆಡಿ ಸವೆದಿದೆ ಅಂದ್ಕೊಂಡಿದ್ವಲ್ಲೋ!"

"ಅಂದ್ಕೊಳ್ಳಿ ಅಂತ ಸುಮ್ನಿದ್ದೆ. ಇನ್ನೊಂದು. ಚಾಟಿ ಸುತ್ತುವಾಗ ಮೊಳೆ ಹತ್ರ ಮೂರು ಸುತ್ತು ಬಿಗಿ, ಮೇಲಕ್ಕೆ ಹೋದ ಹಾಗೆ ಸಡಿಲ. ಬಿಡುವಾಗ ತೋಳಲ್ಲಿ ಎಸೀಬೇಡ. ಬುಗುರಿ ಕೈ ಬಿಟ್ಟ ಕ್ಷಣ ಮಣಿಕಟ್ಟನ್ನ ಹಿಂದಕ್ಕೆ ಎಳಿ."

ಜವರ ಬಾಯಿ ತೆರೆದುಕೊಂಡು ನಿಂತಿದ್ದ.

"ಇಷ್ಟೇನಾ?"

"ಇಷ್ಟೇ."

"ಈ ಇಷ್ಟಕ್ಕೇ ನಾನು ಹದಿನೆಂಟು ವರ್ಷ ನಿನ್ನ ಕೈಗೆ ಯಾರೋ ತಾಯಿತ ಕಟ್ಟಿದ್ದಾರೆ ಅಂದ್ಕೊಂಡಿದ್ನಾ?"

ಹೊಡೆಯಲು ಹುಟ್ಟು ಎತ್ತಿದ. ಎತ್ತಿದವನಿಗೆ ನಗು ಬಂತು. ನಗುತ್ತ ಕೂತುಬಿಟ್ಟ. ಹರಿಗೋಲು ಗಿರ್ರನೆ ಒಂದು ಸುತ್ತು ತಿರುಗಿತು.

ಹೊಳೆಕಲ್ಲಿನ ಮೇಲೆ ಇಬ್ಬರೂ ಸೇರಿ ಮೊಳೆ ತೀಡಿದರು. ಆಡಿದರು. ಮೊದಲ ಮೂರು ಆಟ ಗವಿರಂಗನದೇ. ಟ್ರಂಕು ಇನ್ನೂ ತುಂಬಿತು. ನಾಲ್ಕನೇ ಆಟದಲ್ಲಿ ಎರಡು ಬುಗುರಿಯೂ ಗುಂಯ್‌ಗುಟ್ಟುತ್ತ ನಿಂತವು. ಗವಿರಂಗ ಒಂದು ಎಳೆಯಷ್ಟೂ ಕೈ ಸಡಿಲಿಸಿರಲಿಲ್ಲ. ನಿಂತವು, ನಿಂತವು, ನಿಂತೇ ಇದ್ದವು.

ಗವಿರಂಗನದು ಮಲಗಿತು.

ಅವನು ಅದನ್ನೇ ನೋಡುತ್ತ ನಿಂತ. ಹೊಳೆ ಹರಿಯುತ್ತಲೇ ಇತ್ತು. ಆಚೆ ದಡದಲ್ಲಿ ಯಾರೋ ಹರಿಗೋಲಿಗಾಗಿ ಕೂಗುತ್ತಲೇ ಇದ್ದರು.

ಜವರ ಗುನ್ನ ಹೊಡೆದ. ಮೊದಲ ಸಲ ತಪ್ಪಿತು, ಎರಡನೇ ಸಲ ಬಿತ್ತು. ಬುಗುರಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

"ರಂಗಾ, ಬೇಜಾರಾಯ್ತಾ?"

"ಆಯ್ತು ಅಂದ್ಕೊಂಡೆ ಕಣಣ್ಣ. ಹುಡುಕ್ತಿದ್ದೀನಿ, ಸಿಗ್ತಿಲ್ಲ. ಇನ್ನೊಂದಾಟ ಆಡೋಣ ಬಾ!"

ಅಲ್ಲಿಂದ ಮುಂದೆ ಆಶ್ರಮದ ಅಂಗಳದಲ್ಲಿ ನೆಲ ಕಾಣುವ ಹಾಗಿರಲಿಲ್ಲ. ಬಂದವರಿಗೆಲ್ಲ ಗವಿರಂಗ ಮೊದಲು ಮೊಳೆ ತೀಡಿಸಿದ, ಆಮೇಲೆ ಮಣಿಕಟ್ಟು ತಿರುವಿಸಿದ, ಆಮೇಲೆ ಆಡಿದ. ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಒಬ್ಬೊಬ್ಬರ ಕೈಲೂ ಬೆವರು ಇಳಿಸಿಯೇ ಸೋತ. ಸೋತಾಗೆಲ್ಲ ಗೆದ್ದವನಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

"ನೋಡಿದ್ರೇನ್ರೋ ಮಣಿಕಟ್ಟು! ಯಾರ ಶಿಷ್ಯ ಅವನು? ನನ್ನ ಶಿಷ್ಯ!"

ಪದ್ಮರಾಜಯ್ಯನವರೂ ಮತ್ತೆ ಬಂದರು. ಬೆಲೆ ಏನೆಂದು ಕೇಳಿ ಹೌಹಾರಿದರು. ಆಮೇಲೆ ಕೋಟು ಬಿಚ್ಚಿ ಹೊಂಗೆಮರಕ್ಕೆ ನೇತುಹಾಕಿದರು. ಆರು ದಿನ ಬಂದು ಹೋದರು. ಆರನೇ ದಿನ ಒಂದೇ ಒಂದು ಬುಗುರಿ ಗೆದ್ದು, ಅಂಗೈಯ ಬೊಬ್ಬೆಯನ್ನು ಎಲ್ಲರಿಗೂ ತೋರಿಸಿ, ಅದನ್ನು ಜೇಬಿಗೆ ಹಾಕಿಕೊಂಡು ಹೊರಟರು.

"ಬೀರುವಿಗೆ ಒಂದು ಸಾಕಾ ಸ್ವಾಮಿ?" ಎಂದಳು ಸಾಕಮ್ಮ.

"ಇದನ್ನ ಬೀರುವಿಗೆ ಯಾರಮ್ಮ ಇಡ್ತಾರೆ? ನಮ್ಮ ತಮ್ಮನನ್ನ ಸೋಲಿಸ್ಬೇಕು!"

ಎರಡು ತಿಂಗಳಲ್ಲಿ ಟ್ರಂಕಿನ ತಳ ಕಂಡಿತು. ಉಳಿದದ್ದು ಒಂದೇ, ಎಮ್ಮೆಕೊಂಬಿನದ್ದು. ನಾಳೆ ಬೆಳಿಗ್ಗೆ ದೀಕ್ಷೆ ಎಂದು ಗವಿರಂಗ ಆಗಲೇ ಕಿವಿ ತೊಳೆದುಕೊಂಡಿದ್ದ.

ಕೊನೆಯ ಆಟ ನೋಡಲು ಜನ ನೆರೆದರು. ಜವರ ಚಾಟಿ ಸುತ್ತಿ ಮುಂದೆ ಬಂದ. ಅಷ್ಟರಲ್ಲಿ ಗುರುಗಳು ಚಪ್ಪಡಿಯಿಂದ ಇಳಿದರು.

"ತಡಿ ಜವರ. ಇದು ನಂದು."

ಸೊಂಟದಿಂದ ಒಂದು ಬುಗುರಿ ತೆಗೆದರು. ಹೊಂಗೆಕೊಂಬೆಯಲ್ಲಿ ತಾವೇ ಕೆತ್ತಿದ್ದು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಬದನೆಕಾಯಿಯೂ ನಾಚಬೇಕು.

ಗವಿರಂಗನಿಗೆ ಸ್ವರ್ಗ ಮೂರೇ ಗೇಣು. ಗುರುಗಳ ಕೈಲಿ ಸೋಲುವುದು ಅಂದರೆ ಅದಕ್ಕಿಂತ ಭಾಗ್ಯ ಬೇಕೇ? ಬುಗುರಿಯಲ್ಲಿ ಏನಿದೆ, ಗುರುಗಳ ಕೈಯಲ್ಲಿ ಏನೋ ಇದ್ದೇ ಇರುತ್ತದೆ!

"ಬುದ್ಧೀ, ನಾನು ಬೇಕಂತ ಸೋಲೋದಿಲ್ಲ, ಈಗ್ಲೇ ಹೇಳಿರ್ತೀನಿ."

"ಬೇಕಂತ ಸೋತರೆ ಬೆನ್ನಿಗೆ ಬೀಳುತ್ತೆ," ಎಂದರು ಗುರುಗಳು.

ಇಬ್ಬರೂ ಒಟ್ಟಿಗೆ ಬಿಟ್ಟರು. ಗವಿರಂಗನದು ನೆಲಕ್ಕಿಳಿದು ದೀಪದ ಕುಡಿಯ ಹಾಗೆ ಅಲ್ಲಾಡದೆ ನಿಂತಿತು. ಗುರುಗಳದು ನೆಲಕ್ಕೇ ಇಳಿಯಲಿಲ್ಲ. ಜನರ ತಲೆಯ ಮೇಲೆ ಹಾರಿ, ಸಾಕಮ್ಮನ ಮಜ್ಜಿಗೆ ಗಡಿಗೆಗೆ ಬಿತ್ತು.

ನಗುವುದೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಸಾಕಮ್ಮ ಗಡಿಗೆಗೆ ಕೈ ಹಾಕಿ ಬುಗುರಿ ತೆಗೆದು, ಸೆರಗಿನಲ್ಲಿ ಒರೆಸಿ, ಗವಿರಂಗನ ಕೈಗಿಟ್ಟಳು.

"ಹೊಡಿಯಪ್ಪ ಗುನ್ನ. ಕಟ್ಟಳೆ ಕಟ್ಟಳೆಯೇ."

ಗವಿರಂಗ ಗುರುಗಳ ಮುಖ ನೋಡಿದ. ಅವರು ತಲೆಯಾಡಿಸಿದರು. ಕಣ್ಣು ಮುಚ್ಚಿಕೊಂಡು ಗುನ್ನ ಹೊಡೆದು, ಬುಗುರಿಯನ್ನು ಟ್ರಂಕಿಗೆ ಹಾಕಿದ. ಟ್ರಂಕಿನಲ್ಲೀಗ ಎರಡು. ಅವನಿಗೆ ಅಳುವೇ ಬಂತು. ಹೋಗಿ ಆ ಕಲ್ಲುಚಪ್ಪಡಿಯ ಮೇಲೆ, ಎಲ್ಲಿ ಕೂರುತ್ತಿದ್ದೇನೆ ಅನ್ನುವ ಪ್ರಜ್ಞೆಯೂ ಇಲ್ಲದೆ, ಕುಸಿದು ಕೂತ.

"ಟ್ರಂಕು ಖಾಲಿಯಾಗ್ಲಿಲ್ಲ ಬುದ್ಧಿ. ನನ್ನ ದೀಕ್ಷೆ?"

ಮುದ್ದಯ್ಯನವರು ಬಂದು ಅವನ ಕಾಲ ಬುಡದಲ್ಲಿ, ಮಣ್ಣಿನ ಮೇಲೆ, ಪಂಚೆ ಮಡಚಿಕೊಂಡು ಕೂತರು. ಸಿಕ್ಕುಸಿಕ್ಕಾದ ಚಾಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಇದನ್ನ ಹಿಡಿಯೋದು ಯಾವ ಕೈಲಿ, ಗುರುಗಳೇ?"