ಗೀಜುಗನ ಗೂಡಿನ ವ್ಯಾಪಾರ

ಮಕ್ಕಳೇ, ಜೊಂಡು ಬೆಳೆದ ಒಂದು ಕೆರೆಯ ದಡದಲ್ಲಿ ಜಾಲಿ ಮರವಿತ್ತು. ಅದರಲ್ಲೊಬ್ಬ ಗೀಜುಗ ಗೂಡು ನೇಯ್ದು ಮಾರುತ್ತಿದ್ದ. ಹುಲ್ಲಿನ ಎಳೆ ಎಳೆಯನ್ನೂ ಬಿಗಿಯಾಗಿ ಹೆಣೆಯುತ್ತಿದ್ದ. ಎಂಥ ಗಾಳಿ ಬಂದರೂ ಅವನ ಗೂಡು ಹರಿಯುತ್ತಿರಲಿಲ್ಲ. ಒಂದಿಷ್ಟು ನವಣೆ ಕೊಟ್ಟು ಹಕ್ಕಿಗಳು ಗೂಡು ಕೊಳ್ಳುತ್ತಿದ್ದವು.

ಅವನಲ್ಲಿ ಒಂದೇ ಕೊರತೆ. ಬಂದವರ ಮಾತನ್ನು ಪೂರ್ತಿ ಕೇಳುತ್ತಿರಲಿಲ್ಲ.

ಒಂದು ದಿನ ಲಾವಕ್ಕಿ ಬಂದಳು. ಅವಳು ನೆಲದ ಮೇಲೆ, ಹುಲ್ಲಿನ ನಡುವಿನ ಕುಳಿಯಲ್ಲಿ ಮೊಟ್ಟೆಯಿಡುವವಳು. ಹೋದ ಸಲದ ಮೊಟ್ಟೆಗಳನ್ನೆಲ್ಲ ಮುಂಗುಸಿ ತಿಂದುಹಾಕಿತ್ತು. ಈ ಸಲವಾದರೂ ಉಳಿಯಬೇಕು ಎಂದು ಹೇಳಿಕೊಂಡಳು. "ಆದರೆ ಗೀಜುಗಣ್ಣ, ನಮ್ಮ ಮರಿಗಳು..." ಎಂದು ಇನ್ನೇನೋ ಹೇಳಹೊರಟಳು.

"ಗೂಡಿನ ವಿಷಯ ನನಗೆ ಬಿಡು ಲಾವಕ್ಕ," ಅಂದವನೇ ಗೀಜುಗ ಹುಲ್ಲು ಸೀಳತೊಡಗಿದ.

ನೀರಿನ ಮೇಲೆ ಬಾಗಿದ ಕೊಂಬೆಗೆ ಚೆಂದದ ಗೂಡು ತೂಗಿತು. ಲಾವಕ್ಕಿ ಅದರಲ್ಲಿ ಮೊಟ್ಟೆಯಿಟ್ಟು ಕಾವು ಕೊಟ್ಟಳು. ಮುಂಗುಸಿ ಕೆಳಗಿನಿಂದ ನೋಡಿ, ಎಟುಕದೆ ಹೊರಟುಹೋಯಿತು.

ಮರಿಗಳು ಹೊರಬಂದವು. ಲಾವಕ್ಕಿಯ ಮರಿಗಳು ಹೇಗೆ ಗೊತ್ತೇ? ಹುಟ್ಟಿದ ದಿನವೇ ಓಡಾಡುತ್ತವೆ. ಆ ಗೂಡಿನಲ್ಲಿ ಓಡಲು ಜಾಗವೆಲ್ಲಿ? ಒಂದು ಮರಿ ಬಾಗಿಲಿಗೆ ಓಡಿ ನೇರ ಕೆರೆಗೆ ಬಿತ್ತು. ಉಳಿದವು ಹಿಂದೆಯೇ ಹೊರಟಾಗ ತಾಯಿ ಬಾಗಿಲಿಗೆ ಅಡ್ಡ ಕೂತು ಕೂಗಿಕೊಂಡಳು.

ಬಿಸಿಲು ಕಾಯುತ್ತಿದ್ದ ಆಮೆ ನೀರಿಗಿಳಿದು ಆ ಮರಿಯನ್ನು ಬೆನ್ನಿಗೆ ಹತ್ತಿಸಿಕೊಂಡಿತು. ಆಮೇಲೆ ಗೂಡಿನ ಕೆಳಗೇ ನಿಂತು, ಉಳಿದವನ್ನೂ ಒಂದೊಂದಾಗಿ ಇಳಿಸಿಕೊಂಡು ದಡ ಸೇರಿಸಿತು.

ಸುದ್ದಿ ಕೆರೆಯ ಸುತ್ತ ಹರಡಿತು. ಗೂಡು ಕೇಳಲು ಯಾರೂ ಬರಲಿಲ್ಲ. ಗೀಜುಗನಿಗೆ ಸಿಟ್ಟು ಬಂತು. ಗೂಡಿನ ಒಂದೆಳೆಯೂ ಬಿಚ್ಚಿಕೊಂಡಿಲ್ಲವಲ್ಲ ಎಂದು ಆಮೆಯ ಬಳಿ ಗೊಣಗಿದ.

"ಗೂಡು ಚೆನ್ನಾಗಿಯೇ ಇದೆಯಪ್ಪ," ಎಂದಿತು ಆಮೆ. "ಆದರೆ ಅದು ನಿನ್ನ ಮರಿಗಳಿಗೆ ಸರಿಹೋಗುವ ಗೂಡು. ಅವಳ ಮರಿಗಳು ಹೇಗಿರುತ್ತವೆ ಅಂತ ಕೇಳಿದ್ದೆಯಾ?"

ಮಾರನೆಯ ದಿನ ಗೀಜುಗ ಲಾವಕ್ಕಿಯ ಹತ್ತಿರ ಹೋಗಿ ತಪ್ಪಾಯಿತೆಂದ. ಆಮೇಲೆ ಅಲ್ಲೇ ಹುಲ್ಲಿನಲ್ಲಿ ಕೂತು ನೋಡಿದ. ಮರಿಗಳು ಎಲ್ಲಿ ಓಡುತ್ತವೆ? ಹೆದರಿದರೆ ಎಲ್ಲಿ ಅಡಗುತ್ತವೆ? ಮುಂಗುಸಿ ಯಾವ ಕಡೆಯಿಂದ ಬರುತ್ತದೆ? ನೋಡಿದಷ್ಟೂ ಅವನಿಗೆ ಕುತೂಹಲ ಹೆಚ್ಚಿತು. ತಿಳಿಯದ್ದನ್ನು ಕೇಳಿದ, ಲಾವಕ್ಕಿ ಹೇಳಿದಳು, ಅವನು ಕೊನೆಯವರೆಗೂ ಕೇಳಿಸಿಕೊಂಡ.

ಈ ಸಲ ಅವನು ಗೂಡು ನೇಯಲಿಲ್ಲ. ಕುಳಿಯ ಮೇಲೆ ಕವುಚಲು ಒಂದು ಮುಚ್ಚಳ ಹೆಣೆದ. ಹುಲ್ಲಿನ ನಡುವೆ ಜಾಲಿಮುಳ್ಳು ಸೇರಿಸಿ, ಲಾವಕ್ಕಿ ನುಸುಳುವಷ್ಟೇ ಬಾಗಿಲು ಬಿಟ್ಟ.

ಸಂಜೆ ಮುಂಗುಸಿ ಬಂದು ಮೂಗು ತೂರಿಸಿತು. ಮುಳ್ಳು ಚುಚ್ಚಿಸಿಕೊಂಡು, ಬಂದ ದಾರಿಯಲ್ಲೇ ಓಡಿತು. ಒಳಗೆ ಮರಿಗಳು ತಾಯಿಯ ರೆಕ್ಕೆಯಡಿ ಬೆಚ್ಚಗಿದ್ದವು.

ಕೆಲವು ದಿನ ಕಳೆದ ಮೇಲೆ ಅಳಿಲೊಂದು ತನಗೂ ಗೂಡು ಬೇಕೆಂದು ಬಂತು. ಗೀಜುಗ ಹುಲ್ಲನ್ನು ಮುಟ್ಟಲಿಲ್ಲ. ಹತ್ತಿರ ಸರಿದು ಕೂತು ಕೇಳಿದ:

"ಮೊದಲು ಹೇಳು ಅಳಿಲಣ್ಣ, ನೀನು ಮಲಗುವುದು ಹೇಗೆ?"

ನೀತಿ: ಕೆಲಸ ಬಲ್ಲವನಾದ ಮಾತ್ರಕ್ಕೆ ವ್ಯಾಪಾರ ಬೆಳೆಯದು, ಕೊಳ್ಳುವವರಿಗೆ ಏನು ಬೇಕೆಂದು ತಿಳಿಯುವ ಕುತೂಹಲವೂ ತಪ್ಪು ತಿದ್ದಿಕೊಳ್ಳುವ ಮನಸ್ಸೂ ಬೇಕು.