ಗಾಳೆವ್ವ ಕರೆದಳು

ಎರೆ ಹೊಲಗಳ ಕಡೆ ಒಂದೂರಿತ್ತು. ಯಾವ ಕಾಲದಲ್ಲಿ ಎಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಗಾಳೆವ್ವ ಎಂಬ ಕೂಲಿ ಹೆಂಗಸಿದ್ದಳಂತೆ. ಹೊಲಗಳಾಚೆ ಕೂಸಿಗೆ ಹಸಿವಾದರೆ ಅವಳ ಕಿವಿಗೆ ಕೇಳುತ್ತಿತ್ತಂತೆ. ಅವಳು ಎದ್ದು ನಿಂತರೆ ಗಾಳಿಯೂ ನಿಲ್ಲುತ್ತಿತ್ತಂತೆ. ಹೇಳುವವರು ಅಳತೆಯ ಮೇಲೆ ಒಂದು ಹಿಡಿ ಹೆಚ್ಚೇ ಹಾಕುತ್ತಾರೆ. ಹತ್ತಿ ಕೊಳ್ಳಲು ಆ ಊರುಗಳನ್ನು ತಿರುಗಿದವನು ನಾನು. ಮೇಲಿನ ಹಿಡಿ ತೆಗೆದು ಹೇಳುತ್ತೇನೆ, ಕೇಳಿ.

ಅಲ್ಲಿ ಹೊಲವೆಲ್ಲ ಒಬ್ಬ ಧಣಿಯದು, ಕೈಗಳೆಲ್ಲ ಕೂಲಿಯವರವು. ಮಳೆ ಬಿದ್ದ ಮೇಲೆ ಬೆಳೆಯ ನಡುವಿನ ಕಸ ಕೀಳುವ ಕೆಲಸ. ಹೆಂಗಸರು ಹೊಲದ ಅಗಲಕ್ಕೂ ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಸಣ್ಣ ಕುಡುಗೋಲಿನಂಥ ಕುರ್ಚಿಗಿಯಿಂದ ಕಸ ತೆಗೆಯುತ್ತ ಮುಂದೆ ಸರಿಯಬೇಕು. ಎಲ್ಲರೂ ಸಮನಾಗಿ ಸರಿಯಬೇಕು. ಹಿಂದೆ ಬಿದ್ದವಳಿಗೆ ಸಂಜೆ ಅರ್ಧ ಕೂಲಿ. ಹಾಲು ಕುಡಿಯುವ ಕೂಸುಗಳಿಗೆ ಬದುವಿನ ಜಾಲಿ ಗಿಡದಲ್ಲಿ ಹಳೇ ಸೀರೆಯ ಜೋಳಿಗೆ. ಕೂಸು ಅತ್ತಿತೆಂದು ಎದ್ದು ಹೋದ ತಾಯಿ ಹಿಂದೆ ಬೀಳುತ್ತಾಳೆ. ಅದಕ್ಕೇ ಬೆಳಿಗ್ಗೆ ಮಲಗಿಸುವಾಗ ಗಸಗಸೆ ಕಾಳಿನಷ್ಟು ಅಫೀಮನ್ನು ಅದರ ನಾಲಿಗೆಗೆ ಸವರುತ್ತಿದ್ದರು. ಕೂಲಿ ನೋಡಿಕೊಳ್ಳುವ ಬಾಳಪ್ಪನೇ ಅದನ್ನು ಹಂಚುತ್ತಿದ್ದ. ಕೂಲಿಯ ಜೋಳ ಅಳೆಯುವಾಗ ಕೈ ಬಿಗಿ ಹಿಡಿಯುವ ಧಣಿ ಅಫೀಮಿಗೆ ಮಾತ್ರ ಯಾವತ್ತೂ ಕಡಿಮೆ ಮಾಡಲಿಲ್ಲವಂತೆ.

ಗಾಳೆವ್ವ ಚಿಕ್ಕವಳಿದ್ದಾಗ ತಮ್ಮನ ಜೋಳಿಗೆ ತೂಗುವುದು ಅವಳ ಕೆಲಸ. ಕೈ ಬಿಟ್ಟರೆ ಅವನು ಏಳುತ್ತಿದ್ದ, ಎದ್ದರೆ ಅಳುತ್ತಿದ್ದ, ಅತ್ತರೆ ಅವ್ವನ ಜೋಳ ಅರ್ಧವಾಗುತ್ತಿತ್ತು. ಒಂದು ದಿನ ಅವ್ವನ ಬೆರಳಿಗೆ ಅಫೀಮು ತುಸು ಹೆಚ್ಚೇ ಬಂತೋ ಏನೋ. ಹೊತ್ತು ಇಳಿದರೂ ಕೂಸು ಏಳಲಿಲ್ಲ. ಹುಡುಗಿಗೆ ಖುಷಿಯೋ ಖುಷಿ. ಜಾಲಿಯ ನೆರಳಲ್ಲಿ ಕೂತು ಹಸಿಮಣ್ಣಿನ ಎತ್ತು ಮಾಡಿ ಆಡಿದಳಂತೆ. ಹಾಗೆ ಮನಸಾರೆ ಆಡಿದ್ದು ಅದೊಂದೇ ದಿನವಂತೆ. ಸಂಜೆ ಅವ್ವ ಬರುವುದನ್ನು ಕಂಡು ಎದುರು ಓಡಿ ಹೇಳಿದಳಂತೆ:

"ಅವ್ವಾ, ತಮ್ಮ ಇವತ್ತ ಒಮ್ಮೆನೂ ಅಳಲಿಲ್ಲ ನೋಡು!"

ಅವ್ವನಿಗೆ ಅವತ್ತು ಪೂರ್ತಿ ಕೂಲಿ ಸಿಕ್ಕಿತ್ತು.

ಕೂಸನ್ನು ಮಣ್ಣು ಮಾಡಿದ ಮರುದಿನ ಅವ್ವ ಮತ್ತೆ ಸಾಲು ಹಿಡಿದಳು. ಹಿಡಿಯದೆ ಏನು ಮಾಡುತ್ತಾಳೆ? ಜೋಳಿಗೆ ತೂಗುವ ಕೆಲಸ ಇಲ್ಲದ ಮೇಲೆ ಹುಡುಗಿಯ ಕೈ ಖಾಲಿ. ಬಾಳಪ್ಪ ಅವಳಿಗೂ ಒಂದು ಕುರ್ಚಿಗಿ ಕೊಟ್ಟ.

ಹಾಗೇ ಬೆನ್ನು ಬಾಗುವವರೆಗೂ ಕಸ ಕಿತ್ತಳು. ಅವಳಿಗೆ ಮದುವೆಯಾಗಿತ್ತೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಕ್ಕಳಂತೂ ಇರಲಿಲ್ಲ. ಒಂದು ಮಳೆಗಾಲ, ಪಕ್ಕದ ಸಾಲಿಗೆ ಸೋಮವ್ವ ಎಂಬ ಹಸಿ ಬಾಣಂತಿ ಬಂದಳು. ಅವಳು ಕೂಸಿನ ಬಾಯಿಗೆ ಬೆರಳು ಒಯ್ಯುವಾಗ ಗಾಳೆವ್ವ ಕೈ ಹಿಡಿದು, ಅಫೀಮನ್ನು ಮಣ್ಣಿಗೆ ಒರೆಸಿಬಿಟ್ಟಳಂತೆ.

"ಒರಸಿದ್ಯಲ್ಲ, ಕೂಸು ಅತ್ತರ ನನ್ನ ಅರ್ಧ ಕೂಲಿ ನೀ ಕೊಡ್ತಿಯೇನು?" ಎಂದು ಸೋಮವ್ವ ಜಗಳಕ್ಕೇ ನಿಂತಳು. ಗಾಳೆವ್ವ ಹೋಗಿ ತನ್ನ ಸಾಲಿಗೆ ಕೂತಳು.

ಬಿಸಿಲು ನೆತ್ತಿಗೆ ಬಂದಾಗ ಕೂಸು ಅತ್ತಿತು. ಸೋಮವ್ವ ತಲೆ ತಗ್ಗಿಸಿ ಕಸ ಕೀಳುತ್ತಲೇ ಇದ್ದಳು. ಎದೆಯ ಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತಂತೆ. ಆಗ ಗಾಳೆವ್ವ ಕುರ್ಚಿಗಿಯನ್ನು ನೆಲಕ್ಕೆ ನೆಟ್ಟು ಎದ್ದು ನಿಂತು ಕರೆದಳು:

"ನಿಂದರ್ರವ್ವಾ! ಎಲ್ಲಾರೂ ನಿಂದರ್ರಿ! ಏ ಸೋಮಿ, ನೀ ಹೋಗು, ಕುಡಿಸಿ ಬಾ."

ಮೊದಲು ಒಬ್ಬಳು ಎದ್ದಳು, ಆಮೇಲೆ ಆಚೆಯವಳು, ಆಮೇಲೆ ಸಾಲೆಲ್ಲ. ಈಗ ತಲೆ ನರೆತಿದ್ದ ಬಾಳಪ್ಪ ಕೊಡೆ ಹಿಡಿದು ಓಡಿ ಬಂದ.

"ಯಾಕ ನಿಂತೀರೇ? ಇಲ್ಲೇನು ಬೀಗರ ಮೆರವಣಿಗಿ ಬರತೈತೇನು?"

"ಹಿಂದ ಬಿದ್ದಾಕಿಗೆ ಅರ್ಧ ಕೂಲಿ ಅಂದಿದ್ದಿ ಎಪ್ಪಾ," ಎಂದಳು ಗಾಳೆವ್ವ. "ಯಾರು ಹಿಂದ ಬಿದ್ದಾರ ತೋರ್ಸು."

ಬಾಳಪ್ಪ ಬದುವಿನಿಂದ ಬದುವಿಗೆ ನೋಡಿದ. ಸೋಮವ್ವ ಬಿಟ್ಟು ಹೋದ ಸಾಲೂ ಉಳಿದ ಸಾಲುಗಳೂ ಒಂದೇ ಸಮಕ್ಕಿದ್ದವು.

"ನಿನಗ ಕೂಸಿಲ್ಲ ಕುನ್ನಿಲ್ಲ, ನಿನಗ್ಯಾಕ ಈ ಉಸಾಬರಿ?"

"ಬೆನ್ನು ಐತಲ್ಲೋ ನನಗ. ನೆಟ್ಟಗ ಮಾಡ್ಕೊಳ್ಳಾಕ ನಿಂತೀನಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರಂತೆ.

ಸುದ್ದಿ ಕೇಳಿ ಧಣಿಗೆ ಕರುಣೆ ಬಂತು ಎನ್ನುವವರಿದ್ದಾರೆ. ಬರಲಿಲ್ಲ. ಮೋಡ ಕಟ್ಟಿತ್ತು. ಇನ್ನೊಂದು ಮಳೆ ಬಿದ್ದರೆ ಕಸವೇ ಬೆಳೆಯನ್ನು ನುಂಗುತ್ತದೆ, ಬೇರೆ ಊರಿನ ಆಳು ಬರುವವರೆಗೆ ಅದು ಕಾಯುವುದಿಲ್ಲ. ಧಣಿ ಲಾಭ ನಷ್ಟ ಬಲ್ಲವನು, ಸುಮ್ಮನಿದ್ದ. ಕೂಸು ಅತ್ತಾಗೆಲ್ಲ ಸಾಲು ನಿಂತಿತು, ಅಫೀಮು ಬಾಳಪ್ಪನ ಡಬ್ಬಿಯಲ್ಲೇ ಉಳಿಯಿತು.

ಗಾಳೆವ್ವನಿಗೆ ಏನು ಸಿಕ್ಕಿತು? ಕಸ ಮುಗಿದ ಮೇಲೆ ಅವಳನ್ನು ಆ ಹೊಲಕ್ಕೆ ಕರೆಯಲಿಲ್ಲ. ಬೇರೆ ಊರಿಗೆ ಹೋದಳು, ಅಲ್ಲೂ ಎದ್ದು ನಿಂತಳು, ಅಲ್ಲಿಂದಲೂ ಕಳಿಸಿದರು. ಹೀಗೆ ಊರೂರು ಅಲೆದು ಯಾವುದೋ ಬದುವಿನ ಮೇಲೆ ಸತ್ತಳಂತೆ. ಗುಡಿಯಿಲ್ಲ, ಒಂದು ಕಲ್ಲೂ ಇಲ್ಲ.

ಆದರೆ ಅವಳು ಅಲೆದ ಊರುಗಳಲ್ಲಿ ಇವತ್ತಿಗೂ ಬದುವಿನಲ್ಲಿ ಕೂಸು ಅತ್ತರೆ, ಮೊದಲು ಕೇಳಿಸಿಕೊಂಡವಳು "ಗಾಳೆವ್ವ ಕರದ್ಲು" ಎನ್ನುತ್ತಾಳೆ. ಸಾಲು ಎದ್ದು ನಿಲ್ಲುತ್ತದೆ, ತಾಯಿ ಹೋಗುತ್ತಾಳೆ. ಇನ್ನೊಂದೂ ಉಂಟು. ಜೋಳಿಗೆಯಲ್ಲಿ ಕೂಸು ಬಹಳ ಹೊತ್ತು ಸುಮ್ಮನಿದ್ದರೆ ಯಾರಾದರೊಬ್ಬಳು ಹೋಗಿ ಅದರ ಅಂಗಾಲು ಚಿವುಟುತ್ತಾಳೆ. ದಾರಿಹೋಕರು ಕಂಡು, ಮಲಗಿದ ಕೂಸನ್ನು ಯಾಕೆ ಅಳಿಸುತ್ತೀಯೆಂದು ಬೈಯುತ್ತಾರೆ. ಅವಳು ಮಾತ್ರ ಕೂಸು ಅಳುವುದನ್ನು ಕಿವಿಯಾರೆ ಕೇಳಿ, ಬಂದು ತನ್ನ ಸಾಲಿಗೆ ಕೂರುತ್ತಾಳೆ.